ಐವತ್ತು ವರ್ಷ ದುಡಿದ ಹತಾರದ ಪೆಟ್ಟಿಗೆ

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮರದ ಪೆಟ್ಟಿಗೆ ಇದೆ. ಉದ್ದ 3 ಅಡಿ, ಅಗಲ ಒಂದೂವರೆ ಅಡಿ, ಎತ್ತರ ಒಂದೂಕಾಲು ಅಡಿ. ಹಲಸಿನ ಮರದ್ದು. ಹೊಸಬರು ನೋಡಿದರೆ ರಾಗಿ ಹಿಟ್ಟಿನ ಪೆಟ್ಟಿಗೆ ಅಂದುಕೊಳ್ಳುತ್ತಾರೆ. ಮುಚ್ಚಳ ಎತ್ತಿದರೆ ಒಳಗೆ ಗರಗಸ, ಹತ್ತರಿ, ಉಳಿ, ಬಾಚಿ, ಬೈರಿಗೆ. ಒಂದೊಂದಕ್ಕೂ ಅದರದ್ದೇ ಜಾಗ.

ಮಾಗಡಿ ತಾಲ್ಲೂಕಿನ ನಮ್ಮೂರಿನ ಮರಗೆಲಸದ ಆಚಾರ್ರು ಇದನ್ನು 1971ರಲ್ಲಿ ತಾವೇ ಮಾಡಿಕೊಂಡದ್ದು. ಅವರಿಗೀಗ ಎಂಬತ್ತು ದಾಟಿದೆ. ಕಣ್ಣು ಮಂಜು, ಕೈ ನಡುಕ. ಪೆಟ್ಟಿಗೆ ಮಾತ್ರ ಇನ್ನೂ ದುಡಿಯುತ್ತಲೇ ಇದೆ. ಅದು ಇಷ್ಟು ವರ್ಷ ಬಾಳಿದ್ದು ಹೇಗೆ, ಕೃಷಿಕರಾದ ನಾವು ಅದರಿಂದ ಕಲಿಯುವುದೇನು ಎಂಬುದನ್ನು ತಿಳಿದಷ್ಟು ಬರೆಯುತ್ತಿದ್ದೇನೆ. ಕಲಿತದ್ದರಲ್ಲಿ ಅರ್ಧ, ತಪ್ಪು ಮಾಡಿ ಕಲಿತದ್ದು.

ಆಯದ ಕಾಲದ ಸಾಮಾನು

ನಮ್ಮ ಹಿರಿಯರ ಕಾಲದಲ್ಲಿ ಮರಗೆಲಸದವರಿಗೆ ದಿನಗೂಲಿ ಇರಲಿಲ್ಲ. ಸುಗ್ಗಿಯಲ್ಲಿ ಕಣದಲ್ಲೇ ರಾಗಿ ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಅನ್ನುತ್ತಿದ್ದೆವು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ನೇಗಿಲು, ನೊಗ, ಕುಂಟೆ, ಕೂರಿಗೆ ರಿಪೇರಿ ಅವರ ಜವಾಬ್ದಾರಿ. ರೇಷ್ಮೆ ಸಾಕುವವರಿಗೆ ಹುಳು ಮನೆಯ ಸ್ಟ್ಯಾಂಡು, ತೊಟ್ಟಿಲು, ಬಾಗಿಲು, ಕಿಟಕಿ ಎಲ್ಲಾ ಅವರ ಕೈಯಿಂದಲೇ ಆಗಬೇಕು.

ಹೊಲದ ಕೆಲಸ ಕಾಯುವುದಿಲ್ಲ. ಹದ ಮಳೆ ಬಿದ್ದು, ಕೂರಿಗೆ ಹೂಡುವ ಹೊತ್ತಿಗೆ ತಾಳು ಮುರಿಯಿತು ಅಂದರೆ ಅಂದೇ ಸರಿಯಾಗಬೇಕು. ಮರುದಿನ ನೆಲ ಆರಿದರೆ ಬಿತ್ತನೆ ಹೋಯಿತು. ಆಗ ಆಚಾರ್ರು ‘ಉಳಿ ಎಲ್ಲಿಟ್ಟೆ’ ಎಂದು ಹುಡುಕುತ್ತಾ ಕೂರುವಂತಿಲ್ಲ. ‘ಕತ್ತಲಲ್ಲೂ ಕೈ ಹಾಕಿದ್ರೆ ಬೇಕಾದ್ದು ಸಿಗಬೇಕು. ಅದಕ್ಕೇ ಪೆಟ್ಗೆ ಮಾಡ್ದೆ’ ಅನ್ನುತ್ತಾರೆ ಅವರು.

ನಾನು ಮಾಡಿದ ಯಡವಟ್ಟು

ಹದಿನೈದು ವರ್ಷದ ಕೆಳಗಿನ ಮಾತು. ಪಂಪ್‌ಸೆಟ್ ಮನೆಯ ಬಾಗಿಲು ಕಚ್ಚಿಕೊಳ್ಳುತ್ತಿತ್ತು. ಆಚಾರ್ರ ಹತ್ತಿರ ಒಂದು ಇಂಚಿನ ಉಳಿ ಕೇಳಿ ತಂದೆ. ಬಾಗಿಲಿನ ಕೆಲಸ ಮುಗಿಯಿತು. ಉಳಿ ಕೈಯಲ್ಲೇ ಇತ್ತಲ್ಲ, ಪಕ್ಕದಲ್ಲಿದ್ದ ಬಣ್ಣದ ಡಬ್ಬದ ಮುಚ್ಚಳವನ್ನೂ ಅದರಲ್ಲೇ ಮೀಟಿದೆ. ಬಾಯಿಯ ಮೂಲೆ ಪಟ್ ಅಂತ ಹಾರಿತು.

ಹಾಗೇ ಕೊಡಲು ಮನಸ್ಸಾಗಲಿಲ್ಲ. ಪೇಟೆಯ ವೆಲ್ಡಿಂಗ್ ಅಂಗಡಿಯೊಂದಕ್ಕೆ ಹೋಗಿ ಗ್ರೈಂಡರಿನಲ್ಲಿ ಮಸೆಸಿದೆ. ಎರಡೇ ನಿಮಿಷ. ಮುಕ್ಕು ಹೋಯಿತು, ಬಾಯಿ ನೀಲಿ ಬಣ್ಣಕ್ಕೆ ತಿರುಗಿತು. ಚೆನ್ನಾಗಿ ಕಾಣುತ್ತಿದೆ ಎಂದುಕೊಂಡು ತಂದು ಕೊಟ್ಟೆ.

ಆಚಾರ್ರು ಬಾಯಿ ನೋಡಿದರು, ಉಗುರಿನ ಮೇಲೆ ಎಳೆದು ನೋಡಿದರು. ಬೈಯಲಿಲ್ಲ. ‘ಬಿತ್ತನೆ ರಾಗಿ ಈಸ್ಕೊಂಡೋಗಿ ಹುರಿಹಿಟ್ಟು ವಾಪಸ್ ತಂದಂಗಾಯ್ತು ಕಣಪ್ಪ’ ಅಂದರು.

ಅದರ ಅರ್ಥ ಆಮೇಲೆ ತಿಳಿಯಿತು. ಉಳಿಯ ಉಕ್ಕಿಗೆ ಗಡಸುತನ ಬರುವುದು ಕಾಯಿಸಿ, ತಣಿಸಿ, ಹದ ಕೊಟ್ಟಾಗ. ಗ್ರೈಂಡರಿನ ಬಿಸಿಗೆ ಬಾಯಿ ನೀಲಿಯಾಯಿತು ಅಂದರೆ ಆ ಹದ ಹೋಯಿತು ಅಂತಲೇ ಲೆಕ್ಕ. ಹುರಿದ ರಾಗಿ ಹೇಗೆ ಮೊಳೆಯುವುದಿಲ್ಲವೋ, ಹದ ಹೋದ ಉಕ್ಕೂ ಹಾಗೇ ಹರಿತ ಹಿಡಿದು ನಿಲ್ಲುವುದಿಲ್ಲ. ನೀಲಿಯಾದಷ್ಟನ್ನೂ ಸವೆಸಿ ತೆಗೆಯಬೇಕು. ಆ ಕೆಲಸ ನನಗೇ ಬಿತ್ತು. ಸಂಜೆ ಹಾಲು ಕರೆದ ಮೇಲೆ ಅವರ ಜಗಲಿಯಲ್ಲಿ ಕೂತು ಸಾಣೆಕಲ್ಲಿಗೆ ನೀರು ಬಿಟ್ಟುಕೊಂಡು ತೇಯಬೇಕು. ಹನ್ನೊಂದು ಸಂಜೆ ತೇಯ್ದೆ. ಅಷ್ಟೂ ದಿನ ಪೆಟ್ಟಿಗೆಯಲ್ಲಿ ಆ ಉಳಿಯ ಜಾಗ ಖಾಲಿ. ಮುಚ್ಚಳ ತೆಗೆದಾಗಲೆಲ್ಲ ಮೊದಲು ಕಾಣುತ್ತಿದ್ದದ್ದು ಆ ಖಾಲಿ ಜಾಗವೇ. ಮುರಿದ ಹಲ್ಲಿನಂತೆ.

ಪೆಟ್ಟಿಗೆಯ ಮೇಲೆ ನನಗೆ ಗಮನ ಬಂದದ್ದು ಆ ಹನ್ನೊಂದು ಸಂಜೆಗಳಲ್ಲೇ.

ಕಟ್ಟಿರುವ ರೀತಿ

ಮರದ ಗುಣ ಗೊತ್ತಿಲ್ಲದೆ ಪೆಟ್ಟಿಗೆ ಮಾಡಿದರೆ ಎರಡು ಬೇಸಿಗೆಯಲ್ಲಿ ಸೀಳುತ್ತದೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಕಚ್ಚಿಕೊಳ್ಳುವುದನ್ನು ಎಲ್ಲರೂ ನೋಡಿದ್ದೀರಿ. ಹಲಗೆ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ. ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಎಷ್ಟು ಮೊಳೆ ಹೊಡೆದರೂ ಇದನ್ನು ತಡೆಯಲಾಗದು. ತಡೆಯಲು ಹೋದರೆ ಸೀಳುವುದು ಮರವೇ. ಆಚಾರ್ರ ಪೆಟ್ಟಿಗೆಯಲ್ಲಿ ಈ ಗುಣಕ್ಕೆ ಎಲ್ಲ ಕಡೆಯೂ ಎಡೆ ಬಿಟ್ಟಿದ್ದಾರೆ.

1. ನಾಲ್ಕು ಗೋಡೆಗಳಲ್ಲೂ ಮರದ ಎಳೆ ಅಡ್ಡಕ್ಕೇ ಓಡುತ್ತದೆ. ಹಿಗ್ಗಿದರೆ ನಾಲ್ಕೂ ಒಟ್ಟಿಗೆ ಮೇಲಕ್ಕೆ ಹಿಗ್ಗುತ್ತವೆ. ಒಂದನ್ನೊಂದು ಎಳೆದಾಡುವುದಿಲ್ಲ.

2. ಮೂಲೆಗಳಲ್ಲಿ ಒಂದೂ ಮೊಳೆ ಇಲ್ಲ. ಎರಡು ಕೈಯ ಬೆರಳು ಹೆಣೆದಂತೆ ಹಲಗೆಯ ತುದಿಗಳನ್ನು ಕೊರೆದು ಕೂಡಿಸಿದ್ದಾರೆ. ಬೆರಳಿನ ತುದಿ ಅಗಲ, ಬುಡ ಸಣ್ಣ. ಇದನ್ನು ಡವ್‌ಟೇಲ್ ಅನ್ನುತ್ತಾರೆ. 6 ಇಂಚು ಉದ್ದಕ್ಕೆ 1 ಇಂಚು ವಾರೆ ಎಂಬುದು ಇಳಿಜಾರಿನ ಲೆಕ್ಕ. ಹೊರಕ್ಕೆ ಎಳೆದಷ್ಟೂ ಬಿಗಿ. ತುಂಬಿದ ಪೆಟ್ಟಿಗೆಯನ್ನು ಗಾಡಿಯ ಮೇಲೆ ಊರೂರು ತಿರುಗಿಸಿದರೂ ಮೂಲೆ ಬಿಟ್ಟಿಲ್ಲ.

3. ತಳದ ಹಲಗೆಗಳು ಮುಂದಿನಿಂದ ಹಿಂದಕ್ಕೆ ಹಾಕಿದ ಗಿಡ್ಡ ತುಂಡುಗಳು. ಅಂಟಿಸಿಲ್ಲ. ಒಂದರ ನಾಲಿಗೆ ಇನ್ನೊಂದರ ಗಾಡಿಯಲ್ಲಿ ಕೂತು ಅಡಿಯಿಂದ ಮೊಳೆ ಹಿಡಿದಿವೆ. ಹಾಳಾದರೆ ಒಂದನ್ನೇ ಬದಲಿಸಬಹುದು.

4. ತಳದ ಅಡಿಗೆ ಒಂದೂವರೆ ಇಂಚಿನ ಎರಡು ರೀಪರು. ಪೆಟ್ಟಿಗೆ ನೆಲಕ್ಕೆ ತಾಕುವುದಿಲ್ಲ, ಅಡಿಯಲ್ಲಿ ಗಾಳಿ ಆಡುತ್ತದೆ. ಥಂಡಿಗೆ, ಗೆದ್ದಲಿಗೆ ಮೊದಲು ಸಿಗುವುದು ಆ ರೀಪರು. ‘ಅದು ಚಪ್ಪಲಿ ಇದ್ದಂಗೆ, ಸವೆದ್ರೆ ಬೇರೆ ಹಾಕು’ ಎಂಬುದು ಆಚಾರ್ರ ಮಾತು.

5. ಮುಚ್ಚಳ ಒಂದೇ ಅಗಲದ ಹಲಗೆಯಲ್ಲ. ಸುತ್ತ ಚೌಕಟ್ಟು, ನಡುವೆ ಗಾಡಿಯಲ್ಲಿ ಸಡಿಲವಾಗಿ ಕೂತ ಹಲಗೆ. ನಮ್ಮ ಹಳೆಯ ಬಾಗಿಲುಗಳ ರೀತಿಯೇ.

ಗೋಡೆಯ ಹಲಗೆ ಕೂಡಿಸಲು ಬಳಸಿದ್ದು ಸರೇಸು. ಚರ್ಮ, ಮೂಳೆ ಕಾಯಿಸಿ ಮಾಡುವ ಹಳೇ ಅಂಟು. ನೀರಿಗೆ ತಡೆಯುವುದಿಲ್ಲ ಎಂಬುದು ಅದರ ದೋಷ. ಆದರೆ ಬಿಸಿನೀರು, ಶಾಖ ಕೊಟ್ಟರೆ ಬಿಡಿಸಿಕೊಂಡು ಮತ್ತೆ ಕೂಡಿಸಬಹುದು ಎಂಬುದು ಗುಣ. ಈಗಿನ ಗಟ್ಟಿ ಅಂಟುಗಳಲ್ಲಿ ಈ ಅನುಕೂಲ ಇಲ್ಲ.

ಇಷ್ಟು ವರ್ಷದಲ್ಲಿ ಬದಲಾದದ್ದೇನು? ತಳದ ಹಲಗೆ ಎರಡು ಸಲ, ಅಡಿಯ ರೀಪರು ಮೂರು ಸಲ, ಕೀಲು ಒಂದು ಸಲ. ಎತ್ತುವ ಹಗ್ಗದ ಹಿಡಿಗಳಿಗಂತೂ ಲೆಕ್ಕ ಇಟ್ಟಿಲ್ಲ. ನಾಲ್ಕು ಗೋಡೆ, ನಾಲ್ಕು ಮೂಲೆ ಮಾತ್ರ ಅಂದಿನವೇ. ಸವೆಯುವ ಭಾಗ ಯಾವುದೆಂದು ಮೊದಲೇ ತಿಳಿದು, ಅದನ್ನು ಬದಲಿಸಲು ಬರುವಂತೆ ಮಾಡಿದ್ದು ಇದರ ಆಯಸ್ಸಿನ ಗುಟ್ಟು. ನಮ್ಮ ಕುಂಟೆಯಲ್ಲೂ ಅಷ್ಟೇ ತಾನೇ? ತಾಳು ಸವೆದರೆ ತಾಳು ಬದಲಿಸುತ್ತೇವೆ, ದಿಂಡು ಹಾಗೇ ಇರುತ್ತದೆ.

ಒಳಗಿನ ಜೋಡಣೆ

ಪೆಟ್ಟಿಗೆಯ ಉದ್ದ ನಿರ್ಧರಿಸಿದ್ದು ಗರಗಸ. 26 ಇಂಚಿನ ಅಲಗು, ಹಿಡಿ ಸೇರಿ ಎರಡೂವರೆ ಅಡಿ ಮೀರುತ್ತದೆ. ಅದು ಓರೆಯಾಗದೆ ಕೂರಬೇಕು. ನಿಮ್ಮ ಅತಿ ಉದ್ದದ ಸಾಮಾನು ಅಳೆದು ಅದರ ಮೇಲೆ 2 ಇಂಚು ಬಿಡಿ.

ಗರಗಸ ಇರುವುದು ಮುಚ್ಚಳದ ಒಳಮೈಗೆ. ಮರದ ತಿರುಗುವ ಚಿಲಕ ಹಿಡಿದುಕೊಂಡಿರುತ್ತದೆ. ಹಲ್ಲು ಬೇರೆ ಕಬ್ಬಿಣಕ್ಕೆ ತಾಕುವುದಿಲ್ಲ. ತಳದಲ್ಲಿ ಭಾರದವು: ಹತ್ತರಿ, ಬಾಚಿ, ಕೊಡತಿ, ಸುತ್ತಿಗೆ, ಬೈರಿಗೆ. ಅದರ ಮೇಲೆ ಹಿಂದೆ ಮುಂದೆ ಜಾರುವ ಎರಡು ತಟ್ಟೆಗಳು. ತಟ್ಟೆಯ ಅಗಲ ಪೆಟ್ಟಿಗೆಯ ಅರ್ಧ ಮಾತ್ರ. ಹಿಂದಕ್ಕೆ ತಳ್ಳಿದರೆ ಮುಂದಿನ ತಳ ಕಾಣುತ್ತದೆ, ಮುಂದಕ್ಕೆ ಎಳೆದರೆ ಹಿಂದಿನದು. ಏನನ್ನೂ ಹೊರಗೆ ತೆಗೆದಿಡಬೇಕಿಲ್ಲ. ಕೆಳಗಿನ ತಟ್ಟೆಯಲ್ಲಿ ಉಳಿಗಳು, ಕಾಲು ಇಂಚಿನಿಂದ ಒಂದೂವರೆ ಇಂಚಿನವರೆಗೆ ಸಾಲಾಗಿ. ಮೇಲಿನದರಲ್ಲಿ ಮೂಲೆಮಟ್ಟ, ಕೈವಾರ, ಅರ, ಸೀಸದಕಡ್ಡಿ, ಗೀಟು ಹಾಕುವ ಮರದ ಗೇಜು.

ಹತ್ತರಿಯನ್ನು ಬಾಯಿ ಕೆಳಗೆ ಮಾಡಿ ಕಬ್ಬಿಣದ ಮೇಲೆ ಇಡಬಾರದು. ಉಳಿಯ ಮೇಲೆ ಉಳಿ ಬೀಳಬಾರದು. ಗೋಣಿಚೀಲಕ್ಕೆ ಹಾಕಿ ಹೊತ್ತ ಹತಾರ ಒಂದಕ್ಕೊಂದು ತಾಕಿ ಕೆಲಸಕ್ಕೆ ಮೊದಲೇ ಮೊಂಡಾಗಿರುತ್ತವೆ. ನಮ್ಮ ಮನೆಗಳಲ್ಲಿ ಕುಡುಗೋಲು, ಕತ್ತರಿ, ಸ್ಪ್ಯಾನರು, ಕಸಿ ಕಟ್ಟುವ ಚಾಕು ಎಲ್ಲ ಒಂದೇ ಡಬ್ಬದಲ್ಲಿ ಬಿದ್ದಿರುವುದನ್ನು ನೆನೆಸಿಕೊಳ್ಳಿ.

ತುಕ್ಕು, ಗೆದ್ದಲು, ಆಯುಧಪೂಜೆ

ಕೆಲಸ ಮುಗಿದ ಮೇಲೆ ಹತಾರವನ್ನು ಒಣ ಬಟ್ಟೆಯಲ್ಲಿ ಒರೆಸಿ, ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಸವರಿ ಇಡುವುದು ಆಚಾರ್ರ ಪದ್ಧತಿ. ಎಣ್ಣೆ ಯಾವುದು? ಹರಳೆಣ್ಣೆ. ಬೆವರಿನ ಉಪ್ಪು ಕಬ್ಬಿಣಕ್ಕೆ ಶತ್ರು. ಬೆರಳಿನ ಗುರುತು ಬಿದ್ದಲ್ಲೇ ಮೊದಲು ತುಕ್ಕು ಹಿಡಿಯುವುದನ್ನು ನೋಡಿದ್ದೇನೆ. ಒದ್ದೆ ಹೊಟ್ಟು, ಹತ್ತರಿ ಹೊಡೆದ ಸಿಪ್ಪೆ ಪೆಟ್ಟಿಗೆಯೊಳಗೆ ಬಿಡಬಾರದು. ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಗೆದ್ದಲು ಒಮ್ಮೆ ಮಾತ್ರ ಹತ್ತಿತ್ತಂತೆ. ಮಗಳ ಮದುವೆ ಗಡಿಬಿಡಿಯಲ್ಲಿ ಪೆಟ್ಟಿಗೆ ಒಂದೂವರೆ ತಿಂಗಳು ಹಿತ್ತಿಲ ಮಣ್ಣು ನೆಲದಲ್ಲೇ ಕೂತಿತ್ತು. ರೀಪರು ತಿಂದು ತಳಕ್ಕೆ ಬಂದಿತ್ತು. ಗೋಡೆಗೆ ಏರಿರಲಿಲ್ಲ. ಹಲಸಿನ ಹಳದಿ ಚೇಗು ಗೆದ್ದಲಿಗೆ ಅಷ್ಟು ಸುಲಭದ ತುತ್ತಲ್ಲ. ಯಾವ ಮರವಾದರೂ ಹೊರಗಿನ ಬಿಳಿ ಭಾಗ ಬಳಸಿದರೆ ಕುಟ್ಟೆ ಹುಳಕ್ಕೆ ಊಟ ಇಟ್ಟಂತೆ.

ಆಯುಧಪೂಜೆ ನಮಗೆ ಹೂವು, ಬೂದುಗುಂಬಳಕಾಯಿ. ಆಚಾರ್ರಿಗೆ ಅದು ವರ್ಷದ ತಪಾಸಣೆ ದಿನವೂ ಹೌದು. ಹಿಂದಿನ ದಿನವೇ ಪೆಟ್ಟಿಗೆ ಪೂರಾ ಖಾಲಿ ಮಾಡುತ್ತಾರೆ. ತಳ ಗುಡಿಸಿ, ಬಿಸಿಲಿಗೆ ಬಾಯಿ ತೆರೆದು ಇಡುತ್ತಾರೆ. ಒಂದೊಂದೇ ಹತಾರ ನೋಡಿ ಸಡಿಲ ಹಿಡಿ, ಮುಕ್ಕು ಬಾಯಿ, ತುಕ್ಕು ಬೇರೆ ಇಡುತ್ತಾರೆ. ಅವನ್ನು ಸರಿಮಾಡಿದ ಮೇಲೆಯೇ ಕುಂಕುಮ. ಟ್ರಾಕ್ಟರು, ಟಿಲ್ಲರಿಗೆ ನಾವು ಹಾರ ಹಾಕುವ ಮೊದಲು ಆಯಿಲ್ ಅಳತೆ ನೋಡಿದರೆ ಪೂಜೆ ಪೂರ್ತಿಯಾಗುತ್ತದೆ!

ಹಿಡಿಗೆ ಯಾವ ಮರ?

ಪೆಟ್ಟಿಗೆಯಲ್ಲಿರುವ ಉಳಿಗಳ ಹಿಡಿ ಎಲ್ಲಾ ಒಂದೇ ಅಳತೆ, ಗುಂಡಗೆ ನಯ. ಆಚಾರ್ರು ಮರ ಕೊಟ್ಟು ಚನ್ನಪಟ್ಟಣದಲ್ಲಿ ಕಡೆಸಿ ತಂದದ್ದು. ಅರಗಿನ ಬಣ್ಣದ ಆಟಿಕೆಗಳಿಗೆ ಹೆಸರಾದ ಆ ಊರಿನ ಕಸುಬಿಗೆ 2005-06ನೇ ಸಾಲಿನಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು. ಅಲ್ಲಿ ಆಟಿಕೆಗೆ ಮುಖ್ಯವಾಗಿ ಬಳಸುವುದು ಹಾಲೆ ಮರ. ಆಲೆ ಮರ ಅಂತಲೂ ಅನ್ನುತ್ತಾರೆ. ಬಿಳಿ ಬಣ್ಣ, ಸಣ್ಣ ಎಳೆ, ಮೆದು. ಲೇತಿನಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಆಮೇಲೆ ತಾಳೆಗರಿಯಲ್ಲಿ ಒತ್ತಿ ಹೊಳಪು ಕೊಡುತ್ತಾರೆ.

ಆಟಿಕೆಗೆ ಒಳ್ಳೆಯದಾದ ಮೆದು ಮರ ಕೊಡತಿಯ ಪೆಟ್ಟಿಗೆ ಸಲ್ಲದು. ಅದಕ್ಕೇ ಆಚಾರ್ರು ಒಯ್ದದ್ದು ಕರಿಜಾಲಿ. ನೇಗಿಲಿಗೂ ಅದೇ ಮರ. ಸಾವನದುರ್ಗದ ಕಡೆ ಕಾಡಿನ ದಿಂಡಿಗವೂ ಹಿಡಿಗೆ ಹೆಸರಾದದ್ದೇ. ಆದರೆ ಕಾಡಿನ ಮರದ ಆಸೆ ನಮಗೆ ಬೇಡ. ಬದುವಿನಲ್ಲಿ ನಾಲ್ಕು ಜಾಲಿ, ಒಂದೆರಡು ಹಾಲೆ ಬೆಳೆಸಿಕೊಂಡರೆ ಮನೆಯ ಖರ್ಚಿಗೆ ಸಾಕು.

ಉತ್ತ ಹೊಲದಲ್ಲಿ ಸಿಕ್ಕ ಪೆಟ್ಟಿಗೆ

ಹತಾರದ ಪೆಟ್ಟಿಗೆಯ ಕಥೆ ನಮ್ಮದೊಂದೇ ಅಲ್ಲ. ಸ್ವೀಡನ್ ದೇಶದ ಗಾಟ್‌ಲ್ಯಾಂಡ್ ದ್ವೀಪದಲ್ಲಿ 1936ರಲ್ಲಿ ನೀರು ಬಸಿದ ಜೌಗು ನೆಲ ಉಳುತ್ತಿದ್ದ ರೈತರೊಬ್ಬರ ನೇಗಿಲಿಗೆ ಏನೋ ತಗುಲಿತು. ಬಿಡಿಸಿ ನೋಡಿದರೆ ಸರಪಳಿ ಸುತ್ತಿದ ಓಕ್ ಮರದ ಪೆಟ್ಟಿಗೆ. ಉದ್ದ ಸುಮಾರು 3 ಅಡಿ, ನಮ್ಮ ಪೆಟ್ಟಿಗೆಯಷ್ಟೇ! ಮರಗೆಲಸದ, ಕಮ್ಮಾರಿಕೆಯ ಹತಾರಗಳೂ ಸೇರಿ 200ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಸುಮಾರು ಸಾವಿರ ವರ್ಷ ಹಿಂದಿನವು. ಅವು ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿವೆ. ಗರಗಸ, ಕೊಡಲಿ, ಅರ, ಸುತ್ತಿಗೆ ನೋಡಿದರೆ ಇಂದಿನ ಆಚಾರ್ರೂ ಗುರುತು ಹಿಡಿಯುತ್ತಾರೆ.

ಇಂಗ್ಲೆಂಡಿನ ರೋಚೆಸ್ಟರ್‌ನಲ್ಲಿ ಇನ್ನೊಂದು ಇದೆ. 1796ರಲ್ಲಿ ತಂದೆ ಕೊಡಿಸಿದ ಹತಾರಗಳಿಗೆ ಬೆಂಜಮಿನ್ ಸೀಟನ್ ಎಂಬ ಬಡಗಿ ಮರುವರ್ಷ ಮಾಡಿದ ಪೆಟ್ಟಿಗೆ. ಹತಾರಗಳು ಇಂದಿಗೂ ಹೊಸದರಂತೆ ಉಳಿದಿವೆ. ಕಾರಣ, ಅವನ್ನು ಬಳಸಿದ್ದು ಬಹಳ ಕಡಿಮೆ. ಮೊದಲನೆಯದು ಕೆಸರಲ್ಲಿ ಹೂತು ಉಳಿಯಿತು, ಎರಡನೆಯದು ಕೆಲಸ ಮಾಡದೆ ಉಳಿಯಿತು. ನಮ್ಮ ಆಚಾರ್ರದ್ದು ಕೆಲಸ ಮಾಡುತ್ತಲೇ ಉಳಿದದ್ದು. ಅದು ಕಷ್ಟದ ದಾರಿ.

ಮಾಡಿಸುವುದಾದರೆ

ಇದೇ ಅಳತೆಯ ಪೆಟ್ಟಿಗೆಗೆ ಮುಕ್ಕಾಲು ಇಂಚು ದಪ್ಪದ ಹಲಗೆಯಾದರೆ, ಕಡಿತ ಸವೆತ ಸೇರಿ ಸುಮಾರು 2 ಘನ ಅಡಿ ಮರ ಬೇಕು. ಖಾಲಿ ಪೆಟ್ಟಿಗೆ 25 ಕೆ.ಜಿ. ಆಸುಪಾಸು ತೂಗುತ್ತದೆ. ಹಲಸು, ಬೇವು, ತೇಗ ಯಾವುದಾದರೂ ಆದೀತು. ನಮ್ಮದೇ ಜಮೀನಿನ ಮರವಾದರೂ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

ಹಸಿ ಮರದಲ್ಲಿ ಮಾತ್ರ ಮಾಡಿಸಬೇಡಿ. ಸೀಳಿಸಿದ ಹಲಗೆಗಳ ನಡುವೆ ಪಟ್ಟಿ ಇಟ್ಟು, ನೆರಳಲ್ಲಿ, ಗಾಳಿಗೆ ಒಟ್ಟಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೇ ಲೆಕ್ಕ. ತುದಿಗಳಿಗೆ ಬಣ್ಣವೋ ಸಗಣಿಯೋ ಬಳಿದರೆ ಸೀಳು ಕಡಿಮೆ.

ಉಳಿ ಮಸೆಯಲು ಒಂದು ಸುಲಭ ಅಳತೆ: ಬಾಯಿಯ ಇಳಿಜಾರಿನ ಉದ್ದ ಉಳಿಯ ದಪ್ಪದ ಎರಡರಷ್ಟಿರಲಿ. ಅಲ್ಲಿಗೆ 30 ಡಿಗ್ರಿ ಆಯಿತು. ಗ್ರೈಂಡರಿಗೆ ಕೊಡಲೇಬೇಕಾದರೆ ನೀರಿನ ಪಾತ್ರೆ ಪಕ್ಕದಲ್ಲಿರಲಿ. ಬೆರಳಿಗೆ ಬಿಸಿ ತಾಕಿದ ಕೂಡಲೇ ಅದ್ದಬೇಕು.

ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು

ಆಚಾರ್ರ ಗಂಡುಮಕ್ಕಳು ಮೂವರು. ಇಬ್ಬರು ಬೆಂಗಳೂರಲ್ಲಿ, ಒಬ್ಬ ಬಿಡದಿ ಕಡೆ ಫ್ಯಾಕ್ಟರಿಯಲ್ಲಿ. ಕಸುಬಿಗೆ ಯಾರೂ ಇಲ್ಲ. ನಾಲ್ಕು ವರ್ಷದ ಕೆಳಗೆ ಗುಜರಿಯವನು ಬಂದು ಕಬ್ಬಿಣಕ್ಕೆ ಕೆ.ಜಿ. ಲೆಕ್ಕ, ಪೆಟ್ಟಿಗೆಗೆ ಸೌದೆ ಲೆಕ್ಕ ಹೇಳಿದ. ಮಕ್ಕಳು ಮೂರು ಪಾಲು ಮಾಡಿಕೊಳ್ಳುವ ಮಾತೂ ಆಡಿದರು. ನಾನು ಕೊಂಡುಕೊಳ್ಳುತ್ತೇನೆ ಅಂದೆ. ಆಚಾರ್ರು ಒಪ್ಪಲಿಲ್ಲ.

‘ಮಾರಾಟಕ್ಕಿಲ್ಲ. ಪಾಲಿಗೂ ಇಲ್ಲ. ನೀನು ತಗೊಂಡೋಗಿ ಬಳಸು. ವರ್ಷಕ್ಕೊಂದಪ ಆಯುಧಪೂಜೆಗೆ ಹೊತ್ಕೊಂಡ್ ಬಂದು ನನ್ನ ಮುಂದೆ ಬಿಚ್ಚಬೇಕು’ ಅಂದರು.

ಉಳಿ ಮುಕ್ಕು ಮಾಡಿದವನಿಗೇ ಯಾಕೆ ಕೊಟ್ಟಿರಿ ಎಂದು ಕೇಳಿದೆ. ‘ಹನ್ನೊಂದು ಸಂಜೆ ಕೂತ್ಯಲ್ಲ’ ಅಂದರು.

ನಮ್ಮ ಮನೆಯಲ್ಲಿ ಪೆಟ್ಟಿಗೆಗೆ ಎರಡೇ ನಿಯಮ. ಯಾರೇ ಏನೇ ಒಯ್ದರೂ ಮುಚ್ಚಳದ ಒಳಗೆ ಸೀಮೆಸುಣ್ಣದಲ್ಲಿ ಹೆಸರು. ದೀಪ ಹಚ್ಚುವ ಹೊತ್ತಿಗೆ ಎಲ್ಲ ಜಾಗವೂ ತುಂಬಿರಬೇಕು. ಮಕ್ಕಳೂ ಪಾಲಿಸುತ್ತಾರೆ. ಕೊಟ್ಟಿಗೆ ಬಾಗಿಲು, ಹುಳು ಮನೆಯ ಸ್ಟ್ಯಾಂಡು, ಗುದ್ದಲಿ ಕಾವು ಇವಕ್ಕೆಲ್ಲ ಈಗ ಯಾರನ್ನೂ ಕಾಯುವುದಿಲ್ಲ. ಒಂದು ಇಂಚಿನ ಉಳಿ ಉಳಿದವಕ್ಕಿಂತ ಅರ್ಧ ಇಂಚು ಗಿಡ್ಡ. ಹರಿತಕ್ಕೇನೂ ಕೊರತೆಯಿಲ್ಲ.

ಬಾಚಿ ಮಾತ್ರ ಇನ್ನೂ ನನ್ನ ಕೈಗೆ ಒಗ್ಗಿಲ್ಲ. ಕಾಲ ಬೆರಳ ಮುಂದೆ ಮರ ಇಟ್ಟು, ಗೀಟಿಗೆ ಸರಿಯಾಗಿ ಸಿಪ್ಪೆ ಎಬ್ಬಿಸುವುದು ಬರೆದು ಕಲಿಸುವ ಕೆಲಸವಲ್ಲ. ಆಚಾರ್ರು ಕಣ್ಣು ಕಾಣದಿದ್ದರೂ ಏಟಿನ ಸದ್ದು ಕೇಳಿ ‘ಓರೆ ಬಿತ್ತು’ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ಹಾಗಾಗಿ ಈಗ ಭಾನುವಾರ ಸಂಜೆ ಮತ್ತೆ ಅವರ ಜಗಲಿಗೆ ಹೋಗುತ್ತಿದ್ದೇನೆ. ನಿಮ್ಮೂರಲ್ಲೂ ಇಂಥವರೊಬ್ಬರು ಇದ್ದಾರು. ಪೆಟ್ಟಿಗೆ ಇನ್ನೂ ಐವತ್ತು ವರ್ಷ ಕಾಯುತ್ತದೆ. ಅವರು ಕಾಯಲಾರರು.